ಸಾಮಿಲ್ ತಿರುವಿನಲ್ಲಿ ಕಾಯುವವನು

ರೊಹೆಮೊ ಊರಿನವರು ಕಾರು ರೇಸನ್ನು ಕಿವಿಯಿಂದಲೇ ನೋಡಬಲ್ಲರು. ಟ್ರ್ಯಾಕ್ ಊರನ್ನು ಬಳಸಿಕೊಂಡು, ಆರ್ದೆನ್ ಬೆಟ್ಟದ ಕಾಡಿನೊಳಗೆ ಇಳಿದು, ಮರ ಕೊಯ್ಯುವ ಹಳೆಯ ಸಾಮಿಲ್ಲಿನ ಹತ್ತಿರ ಬಲಕ್ಕೆ ತಿರುಗಿ ಮತ್ತೆ ಏರು ಹತ್ತುತ್ತದೆ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಅಜ್ಜಿಯೂ ತಲೆ ಎತ್ತದೆ, ‘ಇವನು ಗೇರ್ ಬೇಗ ಹಾಕಿದ’ ಎಂದು ಹೇಳಿಬಿಡುತ್ತಾಳೆ. ಅದೇ ಊರಿನ ರೇಸ್ ಚಾಲಕ ಲಂಬೇರ್ ದೆಥಿಯೇಯನ್ನು ಗುರುತಿಸುವುದಂತೂ ಯಾರಿಗೂ ಕಷ್ಟವಿರಲಿಲ್ಲ. ಸಾಮಿಲ್ ತಿರುವು ಬರುತ್ತಲೇ ಅವನ ಎಂಜಿನ್ ಒಂದು ಉಸಿರಿನಷ್ಟು ಹೊತ್ತು ದನಿ ತಗ್ಗಿಸುತ್ತಿತ್ತು. ಮರುಗಳಿಗೆ ಮತ್ತೆ ಮೊದಲಿನ ಹಾಗೆ. ‘ಹೋದ ನಮ್ಮ ಲಂಬೇರ್’ ಎಂದು ಅಜ್ಜಿ ಮುಂದಿನ ಆಲೂಗಡ್ಡೆ ಎತ್ತಿಕೊಳ್ಳುತ್ತಿದ್ದಳು. ಯಾಕೆ ಹಾಗೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಆ ತಿರುವಿನಲ್ಲಿ ಸತ್ತವನು ಯಾರೆಂದು ಊರಿಗೆಲ್ಲ ಗೊತ್ತಿತ್ತು.

ಲಂಬೇರ್ ದೊಡ್ಡ ಹೆಸರು ಮಾಡಿದವನಲ್ಲ. ರೇಸಿನ ಪೋಸ್ಟರಿನಲ್ಲಿ ಅವನ ಹೆಸರು ಕೆಳಗಿನ ಸಣ್ಣಕ್ಷರದ ಸಾಲಿನಲ್ಲಿರುತ್ತಿತ್ತು. ಅವನ ತಾಯಿ ಟ್ರ್ಯಾಕಿನ ಗೇಟಿನ ಬಳಿ ಗಾಡಿ ಇಟ್ಟುಕೊಂಡು ಆಲೂಗಡ್ಡೆ ಕರಿದು ಮಾರುತ್ತಿದ್ದಳು. ಅವನು ಪಿರೊತ್ ಎಂಬವರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು, ಅಲ್ಲಿಯೇ ಕಾರು ಓಡಿಸುವುದನ್ನು ಕಲಿತ. ಮೊದಲು ಓಡಿಸಿದ್ದು ಚಕ್ರಗಳೆಲ್ಲ ಹೊರಗೇ ಕಾಣುವ ಒಂಟಿ ಸೀಟಿನ ಕಾರು. ಹಳೆಯ ಚಾಸಿ, ಬೇರೆಯವರು ಬಳಸಿ ಬಿಟ್ಟ ಟೈರು. ಟ್ರೈಲರಿಗೆ ಕಾರು ಕಟ್ಟಿಕೊಂಡು ಹಾಲೆಂಡಿಗೆ, ಜರ್ಮನಿಗೆ, ಫ್ರಾನ್ಸಿನ ಉತ್ತರಕ್ಕೆ ಹೋಗುತ್ತಿದ್ದ. ಜೊತೆಯಲ್ಲಿ ಅವನ ಹಾಗೆಯೇ ಇನ್ನೊಂದು ಕಾರು ಕಟ್ಟಿಕೊಂಡು ಫಿರ್ಮಿನ್ ಕೊಲ್ಸೊ ಇರುತ್ತಿದ್ದ. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಟ್ರ್ಯಾಕಿನಲ್ಲಿ ಒಬ್ಬರಿಗೊಬ್ಬರು ಒಂದು ಅಂಗುಲವೂ ಬಿಟ್ಟುಕೊಡುತ್ತಿರಲಿಲ್ಲ. ಊಟಕ್ಕೆ ಕೂತರೆ ಒಂದೇ ತಟ್ಟೆ. ಫಿರ್ಮಿನ್ನನ ಹೆಂಡತಿ ಮಾರೀಸ್, ಕಾರುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಪಿಟ್ಟಿನ ಗೋಡೆಯ ಮೇಲೆ ಕೂತು ಇಬ್ಬರ ಸುತ್ತುಗಳಿಗೂ ಗಡಿಯಾರ ಹಿಡಿಯುತ್ತಿದ್ದಳು. ‘ನಿನ್ನದು ಹಿಡಿಯೋಕೆ ಈ ಗಡಿಯಾರ ಬೇಡ ಲಂಬೇರ್, ಕ್ಯಾಲೆಂಡರ್ ಸಾಕು’ ಎನ್ನುತ್ತಿದ್ದಳು.

ಅಂದಿನ ಚಾಲಕರಲ್ಲಿ ಒಂದು ರೂಢಿಯಿತ್ತು. ಕಾರು ಕೆಟ್ಟು ದಾರಿಯಲ್ಲೇ ಉಳಿದವನು ಹೆಲ್ಮೆಟ್ ತೆಗೆದು ಬೇಲಿಯ ಪಕ್ಕ ನಿಂತು ಕಾಯುತ್ತಿದ್ದ. ರೇಸ್ ಮುಗಿದ ಮೇಲೆ ಎಲ್ಲರೂ ನಿಧಾನವಾಗಿ ಕೊನೆಯ ಒಂದು ಸುತ್ತು ಬರುವಾಗ, ಗೆಳೆಯನಾದವನು ನಿಲ್ಲಿಸಿ ಅವನನ್ನು ಕಾರಿನ ಪಕ್ಕೆಯ ಮೇಲೆ ಕೂರಿಸಿಕೊಂಡು ಪಿಟ್ಟಿಗೆ ತರುತ್ತಿದ್ದ. ಎಷ್ಟೇ ಜಗಳವಿದ್ದರೂ ಕೈ ಎತ್ತಿದವನನ್ನು ಬಿಟ್ಟು ಬರುವಂತಿರಲಿಲ್ಲ.

ಎಪ್ಪತ್ತೊಂಬತ್ತರ ಸೆಪ್ಟೆಂಬರ್ ರೇಸಿನಲ್ಲಿ ಕಾಡಿನ ಕಡೆ ಮಂಜು ಇಳಿದಿತ್ತು. ಸಾಮಿಲ್ ತಿರುವಿನಲ್ಲಿ ಅಪಾಯದ ಹಳದಿ ಬಾವುಟ ಬೀಸುತ್ತಿದ್ದುದು ಲಂಬೇರನಿಗೆ ಕಂಡಿತು. ಎಡಗಡೆಯ ದಿಣ್ಣೆಯ ಮಣ್ಣಿನ ಮೇಲೆ ಚಕ್ರದ ಗುರುತು. ಕಾರು ಕಾಣಲಿಲ್ಲ. ದಿಣ್ಣೆಯ ಆಚೆ ಬಿದ್ದಿರಬೇಕು. ಬೇಲಿಯ ಪಕ್ಕದಲ್ಲಿ ಫಿರ್ಮಿನ್ ನಿಂತಿದ್ದ. ಹೆಲ್ಮೆಟ್ ಎಡಗಂಕುಳಲ್ಲಿ, ಬಲಗೈ ಮೇಲಕ್ಕೆ. ‘ಆಮೇಲೆ ಬಂದು ಕರ್ಕೊಂಡು ಹೋಗು’ ಎನ್ನುವ ಹಾಗೆ.

ಲಂಬೇರನಿಗೆ ಜೀವ ಬಂದ ಹಾಗಾಯಿತು. ಪಿಟ್ಟಿನ ಮುಂದೆ ಹಾದುಹೋಗುವಾಗ ಗೋಡೆಯ ಮೇಲೆ ಎದ್ದು ನಿಂತಿದ್ದ ಮಾರೀಸಳತ್ತ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ಗಂಡ ಕ್ಷೇಮ, ಹೊರಗೆ ನಿಂತಿದ್ದಾನೆ. ಗೋಡೆಯ ಮೇಲೆ ಗಡಿಯಾರ ಹಿಡಿದ ಹೆಂಗಸರಿಗೆಲ್ಲ ಆ ಸನ್ನೆಯ ಅರ್ಥ ಗೊತ್ತು. ಮಾರೀಸ್ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು.

ರೇಸ್ ಮುಗಿದ ಮೇಲೆ ನಿಧಾನದ ಸುತ್ತಿನಲ್ಲಿ ಲಂಬೇರ್ ತಿರುವಿನಲ್ಲಿ ಕಾರು ನಿಲ್ಲಿಸಿದ. ಬೇಲಿಯ ಪಕ್ಕ ಯಾರೂ ಇರಲಿಲ್ಲ. ಬಾವುಟದವನು ಹತ್ತಿರ ಬಂದು ಟೋಪಿ ತೆಗೆದ.

“ಫಿರ್ಮಿನ್ ಎಲ್ಲಿ?” ಎಂದು ಲಂಬೇರ್ ಕೇಳಿದ.

“ದಿಣ್ಣೆ ಆಚೆ, ಕಾರೊಳಗೇ. ಡಾಕ್ಟ್ರು ಈಗ ಬಂದ್ರು, ಬಂದೂ ಏನೂ ಮಾಡೋ ಹಾಗಿರ್ಲಿಲ್ಲ. ಬಡಿದ ಕೂಡ್ಲೇ ಹೋಗಿಬಿಟ್ಟಿದಾನೆ.”

“ಹೊರಗೆ ಇಳಿದಿದ್ನಲ್ಲ. ಇಲ್ಲೇ ನಿಂತಿದ್ದ.”

“ಇಲ್ಲಿ ನಾನೊಬ್ನೇ ಇದ್ದದ್ದು ಲಂಬೇರ್. ಅವನು ಕಾರಿಂದ ಇಳೀಲೇ ಇಲ್ಲ.”

ಇದನ್ನು ಲಂಬೇರ್ ಆಮೇಲೆ ಯಾರೊಡನೆಯೂ ಆಡಲಿಲ್ಲ. ಮುಂದಿನ ವರ್ಷ ಒಂಟಿ ಸೀಟಿನ ಕಾರು ಬಿಟ್ಟ. ಪಿರೊತ್ ಅಷ್ಟು ಹೊತ್ತಿಗೆ ಉದ್ದ ರೇಸುಗಳಿಗೆ ಮುಚ್ಚಿದ ಮೈಯ ಸ್ಪೋರ್ಟ್ಸ್ ಕಾರು ಕಟ್ಟತೊಡಗಿದ್ದರು. ಒಂದು ಕಾರಿಗೆ ಇಬ್ಬರು ಮೂವರು ಚಾಲಕರು, ಸರದಿಯ ಮೇಲೆ ಓಡಿಸಬೇಕು. ಚಾಲಕನ ಸೀಟು ಬಲಕ್ಕೆ. ನಿಯಮದ ಪ್ರಕಾರ ಎಡಗಡೆ ಇನ್ನೊಬ್ಬರು ಕೂರುವಷ್ಟು ಜಾಗವೂ, ಒಂದು ಬಾಗಿಲೂ ಇರಲೇಬೇಕಿತ್ತು. ಅಲ್ಲಿ ಯಾರೂ ಎಂದೂ ಕೂರುತ್ತಿರಲಿಲ್ಲ. ಲಂಬೇರ್ ಆ ಕಾರುಗಳಿಗೆ ಹೇಳಿ ಮಾಡಿಸಿದ ಹಾಗಿದ್ದ. ಕಾರನ್ನು ಮುರಿಯುವವನಲ್ಲ, ಮಳೆಗೆ ಹೆದರುವವನಲ್ಲ. ಪಿರೊತ್‌ಗೆ ಅಂಥವನೇ ಬೇಕಿತ್ತು. ಹೀಗೆ ವರ್ಷಗಳು ಕಳೆದವು.

ಬೇರೆ ಊರಿನ ಟ್ರ್ಯಾಕುಗಳಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ರೊಹೆಮೊಗೆ ಬಂದರೆ ಪ್ರತಿ ಸುತ್ತಿನಲ್ಲೂ ಸಾಮಿಲ್ ತಿರುವಿನ ಬೇಲಿಯ ಬಳಿ ಎಡಗಣ್ಣಿನ ಅಂಚಿಗೆ ಒಬ್ಬನು ಸಿಗುತ್ತಿದ್ದ. ಹೆಲ್ಮೆಟ್ ಕಂಕುಳಲ್ಲಿ, ಕೈ ಮೇಲಕ್ಕೆ. ಲಂಬೇರನ ಬಲಗಾಲು ತಾನಾಗಿ ಆಕ್ಸಿಲರೇಟರಿನಿಂದ ಸಡಿಲವಾಗುತ್ತಿತ್ತು. ಅದು ಹೆದರಿಕೆಯಲ್ಲ. ರಸ್ತೆ ಪಕ್ಕ ಕೈ ಎತ್ತಿ ನಿಂತವರನ್ನು ಕಂಡರೆ ಯಾರ ಕಾಲಾದರೂ ಮಾಡುವ ಕೆಲಸ. ಅಷ್ಟರಲ್ಲಿ ತಿರುವು ಮುಗಿದಿರುತ್ತಿತ್ತು.

ತೊಂಬತ್ತೊಂದರಲ್ಲಿ ಪಿರೊತ್ ಕಾರಿಗೆ ಒಂದು ಪೆಟ್ಟಿಗೆ ಕೂರಿಸಿದರು. ಚಾಲಕನ ಕಾಲು ಎಲ್ಲಿ ಎಷ್ಟು ಒತ್ತಿತು ಎಂಬುದನ್ನೆಲ್ಲ ಅದು ಗುರುತು ಹಾಕಿಕೊಳ್ಳುತ್ತಿತ್ತು. ಅದನ್ನು ಓದಲು ಗ್ರೀತ್ ಎಂಬ ಎಂಜಿನಿಯರ್ ಸಮುದ್ರದ ಕಡೆಯಿಂದ ಬಂದಳು. ಸೆಪ್ಟೆಂಬರ್ ರೇಸಿನ ವಾರ, ಬುಧವಾರದ ಅಭ್ಯಾಸ ಮುಗಿದ ಮೇಲೆ ಅವಳು ಲಂಬೇರನನ್ನು ಕಂಪ್ಯೂಟರಿನ ಪರದೆಯ ಮುಂದೆ ಕರೆದು ಕೂರಿಸಿದಳು. ಪರದೆಯ ಮೇಲೆ ಒಂದು ಗೆರೆ, ಅದರ ಮಧ್ಯೆ ಸಣ್ಣ ತಗ್ಗು.

“ಲಂಬೇರ್ ಅವರೇ, ಸಾಮಿಲ್ ಹತ್ರ ಇದೇನಿದು?”

“ತೇವ ಇತ್ತು.”

“ಮೇ ತಿಂಗಳಲ್ಲೂ ಹೀಗೇ ಇದೆ. ಜೂನಲ್ಲೂ.”

“ಆರ್ದೆನ್ನಲ್ಲಿ ಯಾವಾಗ್ಲೂ ತೇವನೇ ಕಣಮ್ಮ. ನಿಮ್ಮ ಸಮುದ್ರದ ಕಡೆ ಮಾತ್ರ ಒಣಗಿರೋದು.”

ಗ್ರೀತ್ ನಗಲಿಲ್ಲ. ಅವನ ಜೊತೆಗಾರ ಚಾಲಕನ ಗೆರೆಯನ್ನು ಪಕ್ಕದಲ್ಲಿ ತಂದಳು. “ಇದೇ ಕಾರು, ಇದೇ ದಿನ. ಇಸ್ತ್ರಿ ಮಾಡಿದ ಹಾಗಿದೆ ನೋಡಿ. ಅಲ್ಲಿ ಸ್ವಲ್ಪ ಕಾಲು ಸಡಿಲ ಬಿಟ್ಟರೆ ಏರು ಮುಗಿಯೋವರೆಗೂ ವೇಗ ಸಿಗಲ್ಲ. ಬೇರೆ ಎಲ್ಲಾ ಕಡೆ ನೀವೇ ಜೋರು. ನನಗೆ ಅರ್ಥ ಆಗ್ತಿಲ್ಲ, ಅದಕ್ಕೇ ಕೇಳ್ದೆ.”

ಸಂಜೆ ಪಿರೊತ್ ಅವನನ್ನು ಟೈರುಗಳ ಹಿಂದೆ ಕರೆದುಕೊಂಡು ಹೋದರು. “ಊರಿಗೆಲ್ಲ ಗೊತ್ತಿದ್ದದ್ದು ನಂಗೂ ಗೊತ್ತು ಮಾರಾಯ. ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದೆ. ಈಗ ಅದು ಪರದೆ ಮೇಲೆ ಬಂತು. ದುಡ್ಡು ಹಾಕೋರೂ ಆ ಪರದೆ ನೋಡ್ತಾರೆ. ಶನಿವಾರ ಆ ಗೆರೆ ನೆಟ್ಟಗಾಗ್ಬೇಕು. ಇಲ್ಲಾಂದ್ರೆ ಭಾನುವಾರದ ರೇಸಿಗೆ ನಿನ್ನ ಸೀಟಲ್ಲಿ ಬೇರೆಯವನು ಕೂತ್ಕೋತಾನೆ. ನಿನ್ನಮ್ಮನ ಕೈಯಿಂದ ಉಂಡವನು ನಾನು, ಅದಕ್ಕೇ ಮುಖಕ್ಕೇ ಹೇಳ್ತಿದೀನಿ.”

ನಲವತ್ತು ದಾಟಿದ ಚಾಲಕನನ್ನು ಒಂದು ತಂಡ ಇಳಿಸಿದರೆ ಇನ್ನೊಂದು ತಂಡ ಹತ್ತಿಸಿಕೊಳ್ಳುವುದಿಲ್ಲ. ಲಂಬೇರನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಗುರುವಾರ ತಿರುವಿನತ್ತ ಹೋಗುವಾಗಲೇ ಹಲ್ಲು ಕಚ್ಚಿ ಕಾಲನ್ನು ಅದುಮಿ ಹಿಡಿದ. ಬೇಲಿಯ ಬಳಿ ಕೈ ಮೇಲೆದ್ದಿತು. ಕಾಲು ಸಡಿಲವಾಯಿತು. ಶುಕ್ರವಾರವೂ ಅದೇ.

ಶುಕ್ರವಾರ ಮಧ್ಯಾಹ್ನ ಅವನು ಮಾರೀಸಳ ಮನೆಗೆ ಹೋದ. ಸಾಮಿಲ್ಲಿನ ಆಚೆಯ ಕೊನೆಯ ಮನೆ ಅವಳದು. ಬೇಕರಿಗೆ ಅಕ್ಕಿ ಪಾಯಸ ತುಂಬಿದ ಟಾರ್ಟ್ ಮಾಡಿಕೊಡುತ್ತ ಒಬ್ಬಳೇ ಇದ್ದಳು. ಗಂಡ ಸತ್ತ ಮೇಲೆ ಟ್ರ್ಯಾಕಿನ ಗೇಟು ತುಳಿದವಳಲ್ಲ. ನವೆಂಬರಿನ ಸತ್ತವರ ಹಬ್ಬಕ್ಕೆ ಇಬ್ಬರೂ ಸಮಾಧಿಗೆ ಸೇವಂತಿಗೆ ಇಟ್ಟು ಬರುತ್ತಿದ್ದರು. ಆ ದಿನದ ಮಾತು ಎಂದೂ ಬಂದಿರಲಿಲ್ಲ.

“ಏನು, ಹಬ್ಬ ಇನ್ನೂ ದೂರ ಇದೆ,” ಎಂದು ಮಾರೀಸ್ ಕಾಫಿ ಬಗ್ಗಿಸಿದಳು. “ಬೆಳಿಗ್ಗೆಯಿಂದ ಕೇಳ್ತಾ ಇದೀನಿ. ಇವತ್ತು ನಿನ್ನ ಎಂಜಿನ್ ತೊದಲ್ತಾ ಇತ್ತು. ಬಿಡೋದೋ ಬೇಡ್ವೋ ಅನ್ನೋ ಹಾಗೆ.”

ಲಂಬೇರ್ ಪೆಟ್ಟಿಗೆಯ ವಿಷಯ, ಪಿರೊತ್ ಹೇಳಿದ ಮಾತು ಎಲ್ಲ ಹೇಳಿದ.

“ಅದಕ್ಕೆ ನನ್ನ ಅಪ್ಪಣೆ ಬೇಕಾ? ಜೋರಾಗಿ ಹೋಗಪ್ಪ. ಸತ್ತವನಿಗೆ ಇಷ್ಟು ವರ್ಷ ಮರ್ಯಾದೆ ಕೊಟ್ಟಿದ್ದು ಸಾಕು.”

“ಮರ್ಯಾದೆಗೆ ಅಲ್ಲ ಮಾರೀಸ್. ಅವನು ನಿಂತಿರ್ತಾನೆ.”

ಮಾರೀಸ್ ಕೆಟಲನ್ನು ಒಲೆಯ ಮೇಲಿಟ್ಟು ಅಲ್ಲಿಯೇ ನಿಂತಳು.

“ಆವತ್ತೂ ನಿಂತಿದ್ದ,” ಎಂದ ಲಂಬೇರ್. “ಅದಕ್ಕೇ ನಿಂಗೆ ಹೆಬ್ಬೆರಳು ತೋರ್ಸಿದ್ದು.”

“ಆವತ್ತು ನೀನು ಕನಿಕರಕ್ಕೆ ಸುಳ್ಳು ಹೇಳಿದೆ ಅಂದ್ಕೊಂಡಿದ್ದೆ,” ಎಂದಳು ಮಾರೀಸ್. “ನೀನು ಬೆರಳೆತ್ತಿದ ಮೇಲೆ ನಾನು ನಿನ್ನಮ್ಮನ ಗಾಡಿಗೆ ಹೋಗಿ ಎರಡು ಪೊಟ್ಟಣ ಆಲೂಗಡ್ಡೆ ತಗೊಂಡೆ. ಒಂದು ಅವನಿಗೆ. ಅಕ್ಕಪಕ್ಕದವರ ಹತ್ರ ನಗ್ತಾ ನಿಂತಿದ್ದೆ. ಎರಡೂ ಕೈಯಲ್ಲೇ ಆರಿಹೋದ್ವು. ಆ ಸುಳ್ಳನ್ನ ಕ್ಷಮಿಸ್ತಾ ಕ್ಷಮಿಸ್ತಾನೇ ಇಷ್ಟು ವರ್ಷ ಆಯ್ತು. ಈಗ ಬಂದು ನಿಜ ಅಂತೀಯ.”

“ನಿಜ.”

“ಹೆಲ್ಮೆಟ್ ಹಾಕಿದ್ನಾ, ತೆಗ್ದಿದ್ನಾ?”

“ತೆಗ್ದಿದ್ದ. ಎಡಗಂಕುಳಲ್ಲಿತ್ತು. ಕೂದಲು ಹಣೆಗೆ ಅಂಟಿತ್ತು.”

“ಹಾಗಿದ್ರೆ ಅವನೇ,” ಎಂದು ಮಾರೀಸ್ ಕುರ್ಚಿ ಎಳೆದು ಕೂತಳು. “ಕರ್ಕೊಂಡು ಹೋಗು ಅಂತ ಕೈ ಎತ್ತಿದ್ದು.”

“ನಾನು ಬಂದೆ. ಅವನಿರ್ಲಿಲ್ಲ.”

“ಒಂದು ಸಲ ಬಂದೆ. ಆಮೇಲೆ ಎಷ್ಟು ಸಾವಿರ ಸಲ ಅವನ ಮುಂದೆ ನಿಧಾನ ಮಾಡಿ, ನಿಲ್ಲಿಸದೆ ಹೋಗಿದೀಯ ಹೇಳು. ನಾನಾಗಿದ್ರೆ ಕಲ್ಲು ತಗೊಂಡು ಹೊಡೀತಿದ್ದೆ.” ಅವಳು ಟಾರ್ಟಿನ ದೊಡ್ಡ ತುಂಡು ಕೊಯ್ದು ಅವನ ಮುಂದೆ ತಳ್ಳಿದಳು. “ಕೆಲಸದ ಹೊತ್ತಲ್ಲಿ ಕೆಲಸ ಮಾಡು. ಅದು ಮುಗಿದ ಮೇಲೆ ರೂಢಿ ಏನಿದೆ ಅದನ್ನ ಮಾಡು. ತಿನ್ನು.”

ಶನಿವಾರದ ಅರ್ಹತಾ ಸುತ್ತುಗಳ ಹೊತ್ತಿಗೆ ಟ್ರ್ಯಾಕ್ ಒಣಗಿತ್ತು. ಲಂಬೇರ್ ಕೊನೆಯ ಸರದಿಯಲ್ಲಿ ಹೊರಟ. ಕಾಡಿನ ಇಳಿಜಾರು ಮುಗಿದು ಸಾಮಿಲ್ಲಿನ ತಗಡಿನ ಮಾಡು ಕಂಡಿತು. ಎಡಗಣ್ಣಿನ ಅಂಚಿಗೆ ಅವನು ಸಿಕ್ಕ. ಇವತ್ತು ಕೈ ಕೆಳಗಿತ್ತು. ಕಾಲು ಇದ್ದಲ್ಲಿಯೇ ಉಳಿಯಿತು. ಎಂಜಿನ್ ಒಂದೇ ದನಿಯಲ್ಲಿ ತಿರುವನ್ನು ದಾಟಿ ಏರು ಹತ್ತಿತು.

“ಗೆರೆ ನೆಟ್ಟಗಾಯ್ತು,” ಎಂದು ರೇಡಿಯೋದಲ್ಲಿ ಗ್ರೀತ್ ಹೇಳಿದಳು. ಹಿಂದಿನಿಂದ ಪಿರೊತ್ ಕೆಮ್ಮಿದ್ದು ಕೇಳಿಸಿತು. ಸೀಟು ಉಳಿಯಿತು. ಅದರ ಮೇಲೆ ಲಂಬೇರ್ ಇನ್ನೂ ಹಲವು ವರ್ಷ ದುಡಿದ. ಅಂದಿನಿಂದ ಊರಿನ ಅಜ್ಜಿಯರಿಗೆ ಅವನನ್ನು ಕಿವಿಯಿಂದ ಗುರುತಿಸುವುದು ಆಗದೆ ಹೋಯಿತು.

ಸಮಯ ಮುಗಿದ ಬಾವುಟ ಬಿತ್ತು. ನಿಧಾನದ ಸುತ್ತಿನಲ್ಲಿ ಲಂಬೇರ್ ಉಳಿದ ಕಾರುಗಳನ್ನು ಮುಂದೆ ಹೋಗಲು ಬಿಟ್ಟು, ಸಾಮಿಲ್ ತಿರುವಿನಲ್ಲಿ ಎಡಕ್ಕೆ ಬೇಲಿಗೆ ಒತ್ತಿ ನಿಲ್ಲಿಸಿದ. ಬೇಲಿಯ ಬಳಿ ಒದ್ದೆ ಹುಲ್ಲು ಮಾತ್ರ ಇತ್ತು. ಅವನು ಬೆಲ್ಟ್ ಬಿಚ್ಚಿ, ಕೈ ಚಾಚಿ, ಯಾರೂ ಕೂರದ ಜಾಗದ ಆಚೆಯ ಬಾಗಿಲನ್ನು ತಳ್ಳಿದ. ಕಾಡಿನ ತಂಪು ಒಳಗೆ ಬಂತು.

“ಯಾಕೆ ನಿಂತ್ರಿ? ಕಾರಿಗೇನಾಯ್ತು?” ಎಂದಳು ಗ್ರೀತ್ ರೇಡಿಯೋದಲ್ಲಿ.

“ಕಾರಿಗೆ ಏನೂ ಆಗಿಲ್ಲ.”

ಬಾವುಟದವನು ಓಡಿ ಬರುತ್ತಿದ್ದ. ಅವನು ಬರುವಷ್ಟರಲ್ಲಿ ಲಂಬೇರ್ ಬಾಗಿಲನ್ನು ಎಳೆದುಕೊಂಡ. ಅಲ್ಲಿಂದ ಪಿಟ್ಟಿನವರೆಗೆ ಕಾರನ್ನು ಹೇಗೆ ತಂದನೆಂದರೆ, ಬೆಲ್ಟ್ ಇಲ್ಲದವನೊಬ್ಬ ಪಕ್ಕದಲ್ಲಿದ್ದರೆ ಹೇಗೆ ತರುತ್ತಾರೋ ಹಾಗೆ. ತಿರುವುಗಳನ್ನು ಅಗಲಕ್ಕೆ ತೆಗೆದುಕೊಂಡ. ಬ್ರೇಕನ್ನು ಮೆಲ್ಲಗೆ ಒತ್ತಿದ. ಎಡಕ್ಕೆ ತಿರುಗಿ ನೋಡಲಿಲ್ಲ.

ಪಿಟ್ಟಿನ ಗೋಡೆಯ ಕೊನೆಯಲ್ಲಿ, ಹಿಂದೆ ಹೆಂಗಸರು ಗಡಿಯಾರ ಹಿಡಿದು ಕೂರುತ್ತಿದ್ದ ಜಾಗದಲ್ಲಿ, ಮಾರೀಸ್ ನಿಂತಿದ್ದಳು. ಮನೆಯ ಏಪ್ರನ್ನಿನ ಮೇಲೆಯೇ ಕೋಟು ಹಾಕಿಕೊಂಡು ಬಂದಿದ್ದಳು. ಬೈಯಲು ಮುಂದೆ ಬಂದ ಪಿರೊತ್ ಅವಳನ್ನು ನೋಡಿ ಅಲ್ಲಿಯೇ ನಿಂತರು.

ಲಂಬೇರ್ ಅವಳ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದ. ಹೆಬ್ಬೆರಳು ಎತ್ತಲಿಲ್ಲ. ಕೈ ಚಾಚಿ ಎಡಗಡೆಯ ಬಾಗಿಲನ್ನು ತೆರೆದ.

ಯಾರೂ ಇಳಿಯಲಿಲ್ಲ. ಮಾರೀಸ್ ಲಂಬೇರನತ್ತ ನೋಡಲೇ ಇಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಇಕ್ಕಟ್ಟಿನ ಜಾಗದಲ್ಲಿ ಎದುರಿಗೆ ಬರುವವರಿಗೆ ಮಾಡುವಂತೆ, ಕೋಟನ್ನು ಹಿಡಿದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.