ಮೂರು ವಾರಕ್ಕೊಂದು ಸೂಜಿ

ಅಪ್ಪ ತೀರಿಕೊಂಡ ಹತ್ತನೆಯ ದಿನ ತಲೆ, ಮೀಸೆ ಎರಡನ್ನೂ ಬೋಳಿಸಿಕೊಂಡಿದ್ದೆ. ತಲೆಗೂದಲು ಬಂತು. ಮೀಸೆ ಬರಲಿಲ್ಲ.

ಮೊದಲು ಯಾರೂ ಗಮನಿಸಲಿಲ್ಲ. ಸಾವಿನ ಮನೆ, ಮಾಸಿಕಗಳು, ನೆಂಟರು. ಇದರ ನಡುವೆ ಕನ್ನಡಿ ನೋಡುವ ಪುರುಸೊತ್ತು ಯಾರಿಗಿತ್ತು? ಮೂರು ತಿಂಗಳಾದ ಮೇಲೆ ಕಾರ್ಖಾನೆಯಲ್ಲಿ ಗೆಳೆಯರು ಶುರುಮಾಡಿದರು. "ಏನ್ ಗುರು, ಮೀಸೆಗಿನ್ನೂ ಸೂತಕ ಕಳೀಲಿಲ್ವಾ?" ನಾನೂ ನಕ್ಕೆ.

ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ನನ್ನ ಕೆಲಸ. ಬಿಡಿಭಾಗಗಳನ್ನು ಗೇಜಿಗೆ ಹಿಡಿದು ನೋಡಿ, ಅಳತೆ ತಪ್ಪಿದ್ದನ್ನು ಬೇರೆ ಇಡಬೇಕು. ಆ ಕಣ್ಣಿನಿಂದಲೇ ನನ್ನನ್ನು ನೋಡಿಕೊಂಡೆ. ಮನೆಯಿರುವುದು ವಿಜಯನಗರದಲ್ಲಿ. ದಿನಾ ತುಳಿಯುತ್ತಿದ್ದ ಏರಿನಲ್ಲಿ ಈಗ ಸೈಕಲ್ಲಿನಿಂದ ಇಳಿದು ತಳ್ಳುತ್ತಿದ್ದೆ. ಊಟ ಮಾಡುತ್ತಾ ತೂಕಡಿಸುತ್ತಿದ್ದೆ. ಹೆಂಡತಿ ಗಿರಿಜೆಯ ಪಕ್ಕ ಮಲಗಿದರೆ ನಿದ್ದೆ ಬಿಟ್ಟು ಇನ್ನೇನೂ ಬೇಕೆನಿಸುತ್ತಿರಲಿಲ್ಲ. ವಯಸ್ಸು ಮೂವತ್ತೊಂದು.

ಫ್ಯಾಮಿಲಿ ಡಾಕ್ಟರು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ಕೈ ತೊಳೆದುಕೊಳ್ಳುತ್ತಾ ಕೇಳಿದರು.

"ಮಂಪ್ಸ್ ಬಂದಿತ್ತಾ? ಮಂಗನಬಾವು?"

"ಎರಡು ವರ್ಷದ ಹಿಂದೆ ಬಂದಿತ್ತು ಸಾರ್."

"ಕೆಳಗೂ ಊದಿತ್ತಾ?"

ಊದಿತ್ತು. ಎರಡೂ ಕಡೆ. ಒಂದು ವಾರ ಕಾಲು ಕೂಡಿಸಲು ಆಗಿರಲಿಲ್ಲ. ಅಮ್ಮ ಕೆನ್ನೆಗೆ ಕೆಮ್ಮಣ್ಣು ಹಚ್ಚಿ, "ಮಂಗನಬಾವಿಗೆಲ್ಲ ಡಾಕ್ಟ್ರು ಯಾಕೋ" ಅಂದಿದ್ದಳು. ಕೆಳಗಿನದ್ದನ್ನು ಅಮ್ಮನಿಗೆ ಹೇಳುವುದು ಹೇಗೆ? ಹೇಳಲಿಲ್ಲ. ಕೆನ್ನೆಯ ಬಾವು ಇಳಿದಾಗ ಎಲ್ಲವೂ ಇಳಿಯಿತೆಂದುಕೊಂಡೆ.

ಬ್ಲಡ್ ಸ್ಯಾಂಪಲ್ ಬೊಂಬಾಯಿಗೆ ಹೋಯಿತು. ಇನ್ನೊಂದು ಪರೀಕ್ಷೆಯೂ ಆಯಿತು. ಅದಕ್ಕಾಗಿ ಸೀಸೆ ಹಿಡಿದು ಕಕ್ಕಸಿನ ಬಾಗಿಲು ಹಾಕಿಕೊಂಡು ನಿಂತ ನಾಚಿಕೆಯನ್ನು ಇಲ್ಲಿ ಬರೆಯಲಾರೆ. ರಿಪೋರ್ಟ್ ಬಂದ ದಿನ ಡಾಕ್ಟರು ನಿಧಾನವಾಗಿ ಹೇಳಿದರು. "ಟೆಸ್ಟೋಸ್ಟಿರಾನ್ ಅಂತ ಒಂದು ಹಾರ್ಮೋನ್. ನಿಮ್ಮಲ್ಲಿ ಅದು ಸಾಕಷ್ಟು ತಯಾರಾಗ್ತಾ ಇಲ್ಲ. ಇಂಜೆಕ್ಷನ್‌ನಲ್ಲಿ ಕೊಡ್ತೀವಿ. ಮೂರು ವಾರಕ್ಕೊಂದು."

"ಎಷ್ಟು ದಿನ ಸಾರ್?"

"ಜೀವನಪೂರ್ತಿ."

"ಮಕ್ಕಳು?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಶಕ್ತಿ ಬರುತ್ತೆ. ಮಕ್ಕಳಾಗಲ್ಲ."

ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಸ್ಟಾಪು ದಾಟಿ ಹೋದದ್ದು ಗೊತ್ತಾಗಲಿಲ್ಲ.

ಮನೆಯಲ್ಲಿ ರಕ್ತ ಕಡಿಮೆಯಾಗಿದೆ, ಟಾನಿಕ್ ಇಂಜೆಕ್ಷನ್ ಅಂದೆ. ಗಿರಿಜೆ ಮರುದಿನದಿಂದಲೇ ಬೀಟ್‌ರೂಟ್ ಪಲ್ಯ ಶುರುಮಾಡಿದಳು. ನಿಜ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೇರೇನೋ ಮಾತಾಡಿಬಿಡುತ್ತಿದ್ದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಇಂಜೆಕ್ಷನ್ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ. ಎಣ್ಣೆಯಂಥ ಔಷಧ. ಕಾಂಪೌಂಡರು ಔಷಧದ ಗಾಜಿನ ಆಂಪೂಲನ್ನು ಬಿಸಿನೀರಿನ ಲೋಟದಲ್ಲಿಟ್ಟು ಬೆಚ್ಚಗೆ ಮಾಡಿ, ದಪ್ಪ ಸೂಜಿಗೆ ಏರಿಸುತ್ತಿದ್ದರು. ಒಳಗೆ ಇಳಿಯಲು ಒಂದು ನಿಮಿಷ. ಆಮೇಲೆ ಎರಡು ದಿನ ಸೈಕಲ್ ಸೀಟಿನ ಮೇಲೆ ಒಂದೇ ಕಡೆ ಭಾರ ಹಾಕಿ ಕೂರಬೇಕು.

ಐದನೆಯ ದಿನಕ್ಕೆ ಏರು ತುಳಿದೆ. ಇಳಿಯದೆ. ಸಂತೋಷಪಡಬೇಕಿತ್ತು, ಆದರೆ ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲಿ ಕೇಳಿ ಭಯವಾಯಿತು. ಬೆನ್ನಿನ ತುಂಬ ಹೈಸ್ಕೂಲು ಹುಡುಗರಿಗೆ ಏಳುವಂಥ ಮೊಡವೆ. ಅಮ್ಮ "ಉಷ್ಣ ಕಣೋ" ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿ, ಮಜ್ಜಿಗೆಯಲ್ಲಿ ಮೆಂತ್ಯ ನೆನೆಸಿ ಕುಡಿಸಿದಳು. ಮೂರನೆಯ ವಾರಕ್ಕೆ ಎಲ್ಲ ಇಳಿದುಹೋಗುತ್ತಿತ್ತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಮತ್ತೆ ಸೂಜಿ, ಮತ್ತೆ ಅಬ್ಬರ. ಮೊದಲ ವಾರ ನಾನು ಯಾರೋ, ಮೂರನೆಯ ವಾರ ಮತ್ಯಾರೋ. ಈ ಎರಡರಲ್ಲಿ ನಾನು ಯಾವುದು ಎಂದು ಹೇಳುವ ಗೇಜು ನನ್ನ ಹತ್ತಿರ ಇರಲಿಲ್ಲ.

ಅಪ್ಪನ ವರ್ಷಾಬ್ದಿಕಕ್ಕೆ ಬಂದ ನೆಂಟರು ಮಕ್ಕಳ ಮಾತು ತೆಗೆದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅವರು ಹೋದ ಮೇಲೆ ಅಮ್ಮ ಗಿರಿಜೆಗೆ ಹೇಳಿದಳು. "ಮಾರೇನಹಳ್ಳಿ ಅಶ್ವತ್ಥಕಟ್ಟೆಗೆ ಒಂದು ಮಂಡಲ ಪ್ರದಕ್ಷಿಣೆ ಹಾಕು. ನಿನ್ನ ದೋಷ ಏನಿದ್ರೂ ಕಳೀಲಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಾಗಿದ್ದೆ. ಗಿರಿಜೆ ಆಗಲಿ ಎಂದು ತಲೆಯಾಡಿಸಿದಳು.

ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಸುತ್ತು. ಬೆಳಿಗ್ಗೆ ಐದಕ್ಕೆ ಎದ್ದು, ತಲೆಗೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹೋಗುತ್ತಿದ್ದಳು. ನಮ್ಮ ಕಡೆ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಚಳಿಗೆ ತಡೆಯೇ ಇಲ್ಲ. ಹಾಸಿಗೆಯಲ್ಲಿ ಮಲಗಿ ಅವಳು ಬಾಗಿಲು ಎಳೆದುಕೊಳ್ಳುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಅವಳು ತೌರಿಗೆ ಹೊರಟುಹೋಗುತ್ತಾಳೆ ಎಂದು ಹೆದರುತ್ತಿದ್ದೆ. ದಿನಗಳು ಹೋದವು.

ಐದನೆಯ ಇಂಜೆಕ್ಷನ್ ಆದ ಎರಡನೆಯ ದಿನ ಅವಳು ಕೆಮ್ಮುತ್ತಾ ಬಂದಳು. ನನ್ನ ಹಣೆಗೆ ಕುಂಕುಮ ಇಡಲು ಕೈ ತಂದಳು.

"ಮರ ಸುತ್ತಿದ್ರೆ ಮಕ್ಕಳಾಗುತ್ತೇನೇ, ಬುದ್ಧಿ ಇಲ್ವಾ ನಿನಗೆ?"

ಆ ದನಿ ನನ್ನದು. ಕೈ ಎತ್ತಿದ್ದೆ.

ಅವಳು ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಳು.

ಏಟು ಬೀಳಲಿಲ್ಲ. ಎತ್ತಿದ ಕೈಯನ್ನು ಜೇಬಿಗೆ ತುರುಕಿಕೊಂಡು ಮನೆಯಿಂದ ಹೊರಬಿದ್ದೆ. ಕಾರ್ಖಾನೆಗೆ ಹೋಗದೆ ನೇರ ದೊಡ್ಡಾಸ್ಪತ್ರೆಗೆ ಹೋದೆ. ಇಂಜೆಕ್ಷನ್ ನಿಲ್ಲಿಸಿಬಿಡಿ, ನಾನು ರಾಕ್ಷಸನಾಗ್ತಾ ಇದೀನಿ ಅಂದೆ. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು.

"ಡೋಸ್ ಕಡಿಮೆ ಮಾಡಿ ಎರಡು ವಾರಕ್ಕೊಂದು ಕೊಡೋಣ. ಏರಿಳಿತ ತಗ್ಗುತ್ತೆ. ಮನೆಯವರಿಗೆ ಹೇಳಿದೀರಾ?"

"ಇಲ್ಲ ಸಾರ್."

"ಮತ್ತೆ ಎಲ್ಲಾನೂ ನನ್ನ ಇಂಜೆಕ್ಷನ್ ಮೇಲೆ ಹಾಕಬೇಡಿ."

ಆ ಸಂಜೆ ಗಿರಿಜೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮಂಗನಬಾವು, ರಿಪೋರ್ಟು, ಮೀಸೆ, ಎಲ್ಲವನ್ನೂ. ಅವಳ ಕೈ ಬೂದಿಯಲ್ಲೇ ನಿಂತಿತು.

"ಯಾವಾಗಿಂದ ಗೊತ್ತು ನಿಮಗೆ?"

"ನಾಲ್ಕು ತಿಂಗಳಿಂದ."

"ನಾನು ಮರ ಸುತ್ತೋಕೆ ಶುರುಮಾಡಿ ಮೂವತ್ತೊಂದು ದಿನ ಆಯ್ತು."

ಅವಳು ಅತ್ತಳು. ನಾನು ಮುಟ್ಟಲು ಹೋದಾಗ ಮೊಣಕೈಯಿಂದ ದೂಡಿದಳು. ಎಷ್ಟೋ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೇಳಿದಳು.

"ಮಕ್ಕಳಿಲ್ಲ ಅಂದ್ರೆ ಇಲ್ಲ. ಅದಕ್ಕೆ ಆಮೇಲೆ ಅಳ್ತೀನಿ. ಅಮ್ಮನಿಗೆ ನೀವೇ ಹೇಳಿ. ನನ್ನ ಎದುರಿಗೇ ಹೇಳಿ."

ಸೂಜಿಗೆ ಹೆದರಿದ್ದೆ, ಎದೆಬಡಿತಕ್ಕೆ ಹೆದರಿದ್ದೆ. ಆ ಹೆದರಿಕೆಗಳೆಲ್ಲ ಇದರ ಮುಂದೆ ಏನೂ ಅಲ್ಲ. ಅಡುಗೆಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ಗಿರಿಜೆ ಬಾಗಿಲಿಗೆ ಒರಗಿ ನಿಂತಳು. ನಾನು ಅಮ್ಮನ ಮುಂದೆ ನೆಲದ ಮೇಲೆ ಕುಳಿತೆ.

"ಅಮ್ಮ, ದೋಷ ಇವಳದ್ದಲ್ಲ. ನನ್ನದು. ಡಾಕ್ಟ್ರು ಹೇಳಿದಾರೆ."

ಉಳಿದದ್ದನ್ನು ತೊದಲುತ್ತಾ ಹೇಳಿದೆ. ಅಮ್ಮ ಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಸಿಪ್ಪೆಯ ಗುಡ್ಡೆಗೂ ಹಾಕಲು ಶುರುಮಾಡಿದಳು. ಗಿರಿಜೆ ಬಂದು ಎದುರು ಕುಳಿತು, ಅದನ್ನು ಬೇರ್ಪಡಿಸತೊಡಗಿದಳು.

ಊಟವಾದ ಮೇಲೆ ಅಮ್ಮ, ಅವಳ ಮುಖ ನೋಡದೆ, "ಗಿರಿಜಾ, ನಾಳೆ ಏಳಬೇಡ ಕಣೇ. ಮಲಕ್ಕೋ" ಅಂದಳು.

ಎರಡು ವಾರಕ್ಕೊಂದು ಸೂಜಿ ಶುರುವಾಗಿ ಈಗ ಒಂದೂವರೆ ತಿಂಗಳು. ಅಬ್ಬರ ಕಡಿಮೆಯಾಗಿದೆ. ಗಿರಿಜೆ ನನ್ನ ಜೊತೆ ಇನ್ನೂ ಅಳೆದು ತೂಗಿ ಮಾತಾಡುತ್ತಾಳೆ, ಆದರೆ ತೌರಿಗೆ ಹೋಗಲಿಲ್ಲ. ನನ್ನ ಕೈಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಇಷ್ಟಾದರೂ ಉಳಿದಿದೆಯಲ್ಲ ಎಂದು ದೇವರಿಗೆ ಕೈ ಮುಗಿಯುತ್ತೇನೆ.

ಅಮ್ಮ ಹೇಳಿದ ಮರುದಿನ ಬೆಳಿಗ್ಗೆ ಐದಕ್ಕೆ ಎಚ್ಚರವಾದದ್ದು ನನಗೆ. ಪಕ್ಕದಲ್ಲಿ ಗಿರಿಜೆ ಕತ್ತಿನವರೆಗೆ ಕಂಬಳಿ ಎಳೆದುಕೊಂಡು ಮಲಗಿದ್ದಳು. ಅವಳು ಏಳೂ ಕಾಲಿಗೆ ಎದ್ದಳು. ಅಲ್ಲಿಯವರೆಗೆ ನಾನು ಮಗ್ಗುಲು ಬದಲಾಯಿಸಲಿಲ್ಲ.