ನರ್ಸಮ್ಮನ ಹನ್ನೊಂದು ಸ್ಲೇಟು

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಯಾವಾಗ ನೋಡಿದರೂ ಬೆಳ್ಳಗಿರುತ್ತಿದ್ದವು. ಅದು ಮೈಬಣ್ಣದ ಬಿಳುಪಲ್ಲ. ಮೈ ಅಬ್ಬಿಗೆರೆಯ ಬಿಸಿಲಿಗೆ ಬೆಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷವಾಗಿತ್ತು. ಬೆರಳಿಗಂಟಿದ್ದು ಬಳಪದ ಪುಡಿ. ಹೆರಿಗೆ ಮಾಡಿಸಲು ಹೊರಟಾಗ ಮಾತ್ರ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಕೂಸು ಅತ್ತು, ಬಾಣಂತಿಯನ್ನು ಮಲಗಿಸಿ, ಮನೆಗೆ ಬಂದ ಅರ್ಧ ಗಂಟೆಯೊಳಗೆ ಆ ಎರಡು ಬೆರಳು ಮತ್ತೆ ಬೆಳ್ಳಗೆ.

ಊರಿಗೆಲ್ಲ ಅವರು ನರ್ಸಮ್ಮ. ಐರ್ಲೆಂಡಿನವರು. ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಕಡೆ ಸಿಪಾಯಿಗಳಿಗಾಗಿ ತೆರೆದಿದ್ದ ಆಸ್ಪತ್ರೆಗೆ ಬಂದವರು. ಯುದ್ಧ ಮುಗಿದು ಜೊತೆಯವರೆಲ್ಲ ಹಡಗು ಹತ್ತಿದರೂ ಇವರು ಹತ್ತಲಿಲ್ಲ. ಅಬ್ಬಿಗೆರೆಯ ಕೆರೆ ಏರಿಯ ಪಕ್ಕ ಒಂದು ಹೆಂಚಿನ ಮನೆ ಹಿಡಿದು, ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿಕೊಂಡು ಇದ್ದುಬಿಟ್ಟರು. ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ದಾರಿ ತುಂಬ ಬಸುರಿಯರು ನಿಂತಿದ್ದಾರೆ, ದಾಟಿಕೊಂಡು ಹೋಗುವುದು ಹೇಗೆ ಎನ್ನುತ್ತಿದ್ದರು. ಕನ್ನಡ ಕಲಿತದ್ದು ಆಸ್ಪತ್ರೆಯ ಆಯಾಗಳಿಂದ. ಹಾಗಾಗಿ ಕಡಲಾಚೆಯ ಈ ದೊರೆಸಾನಿ ‘ಎಂಗಿದ್ದೀಯ ಮಗಾ’, ‘ಓಗ್ಬೇಕು’ ಎಂದು ನಮ್ಮಜ್ಜಿಯ ಹಾಗೆಯೇ ಮಾತಾಡುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಜಂಭದಲ್ಲಿ ನಾನು ಅವರನ್ನು ತಿದ್ದಲು ಹೋಗುತ್ತಿದ್ದೆ. ಅವರು ಗಂಭೀರವಾಗಿ ತಿದ್ದಿಸಿಕೊಂಡು, ಮರುಕ್ಷಣವೇ ಮತ್ತೆ ಹಾಗೆಯೇ ಮಾತಾಡುತ್ತಿದ್ದರು.

ಅವರು ಕವಿ ಎಂಬುದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಟೈಪಿಂಗಿನ ದೆಸೆಯಿಂದ. ಆಗಿನ್ನೂ ಐವತ್ತರ ದಶಕ, ಹುಡುಗಿಯರು ಟೈಪಿಂಗ್ ಕಲಿಯುವುದೆಂದರೆ ಊರಿನವರಿಗೆ ವಿಚಿತ್ರ. ನಾನು ಚಿಕ್ಕಬಾಣಾವರದಲ್ಲಿ ರೈಲು ಹತ್ತಿ ಯಶವಂತಪುರದ ಇನ್‌ಸ್ಟಿಟ್ಯೂಟಿಗೆ ಹೋಗಿಬರುತ್ತಿದ್ದೆ. ಒಂದು ದಿನ ನರ್ಸಮ್ಮ ಸ್ಟೇಷನ್ನಿನ ದಾರಿಯಲ್ಲಿ ನನ್ನನ್ನು ತಡೆದು, ತಮ್ಮ ಮನೆಯಲ್ಲಿ ಒಂದು ಹಳೇ ಟೈಪ್‌ರೈಟರ್ ಇದೆ, ತಮ್ಮ ಬೆರಳಿಗೆ ಅದು ಒಗ್ಗುವುದಿಲ್ಲ, ಸಂಜೆ ಹೊತ್ತು ಬಂದು ನಾಲ್ಕು ಸಾಲು ಹೊಡೆದುಕೊಡುತ್ತೀಯಾ ಎಂದು ಕೇಳಿದರು.

ಮೊದಲ ದಿನ ಒಳಗೆ ಕಾಲಿಟ್ಟಾಗ ನನಗೆ ಒಂದನೇ ಕ್ಲಾಸಿಗೆ ಬಂದ ಹಾಗಾಯಿತು. ಗೋಡೆಗೆ ಒರಗಿಸಿ ಹನ್ನೊಂದು ಸ್ಲೇಟುಗಳನ್ನು ಸಾಲಾಗಿ ನಿಲ್ಲಿಸಿದ್ದರು, ಮಕ್ಕಳು ಅಕ್ಷರ ತಿದ್ದುವ ಮರದ ಚೌಕಟ್ಟಿನ ಸ್ಲೇಟುಗಳು. ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಪದ್ಯ. ಅವರ ಪದ್ಧತಿ ಹೀಗಿತ್ತು: ಕೆರೆ ಏರಿಯ ಮೇಲೆ ಓಡಾಡುತ್ತ ಬಾಯಲ್ಲೇ ಪದ್ಯ ಕಟ್ಟುವುದು, ಮನೆಗೆ ಬಂದು ಸ್ಲೇಟಿಗೆ ಇಳಿಸುವುದು. ಆಮೇಲೆ ದಿನಾ ಅದರ ಮುಂದೆ ನಿಂತು ಜೋರಾಗಿ ಹೇಳಿ ನೋಡುವುದು. ನಾಲಿಗೆ ಎಲ್ಲಿ ಎಡವುತ್ತದೋ ಆ ಪದವನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೇರೆ ಬರೆಯುವುದು. ಒಂದು ತಿಂಗಳು ಒರೆಸುವ ಅಗತ್ಯವೇ ಬೀಳದೆ ಉಳಿದ ಪದ್ಯವನ್ನು ಮಾತ್ರ ನನಗೆ ತೋರಿಸಿ, ಇದನ್ನು ಹೊಡಿ ಎನ್ನುತ್ತಿದ್ದರು. ಮೂರು ತಿಂಗಳು ಅಳಿಸಿ ಅಳಿಸಿ ಬರೆದದ್ದನ್ನು ಪೂರ್ತಿ ಒರೆಸಿಬಿಟ್ಟು, ನಿರಾಳವಾಗಿ ಕಾಫಿಗೆ ನೀರಿಟ್ಟದ್ದನ್ನೂ ನೋಡಿದ್ದೇನೆ. ಕಾಗದದ ಮೇಲೆ ಬರೆಯಬಾರದೇ ಎಂದು ಒಮ್ಮೆ ತಡೆಯಲಾರದೆ ಕೇಳಿದೆ.

“ಕಾಗದದ ಮ್ಯಾಲೆ ಬಿದ್ರೆ ಪದ ಮಲೀಕೊಂಬುಡ್ತದೆ ಮಗಾ” ಎಂದರು. “ನಮ್ಮಜ್ಜಿಗೆ ಓದು ಬರ್ತಿರ್ಲಿಲ್ಲ. ಸಾಯೋಗಂಟ ಅವಳ ಒಂದು ಪದಾನೂ ನಿದ್ದೆ ಮಾಡ್ಲಿಲ್ಲ.”

ಓದು ಬಾರದ ಅಜ್ಜಿ ನನಗೂ ಇದ್ದಳು. ಸಂಜೆ ಮನೆಗೆ ಬಂದ ಕೂಡಲೇ ಬೀಸುವ ಕಲ್ಲಿನ ಮುಂದೆ ಕೂತು ಕೇಳುತ್ತಿದ್ದಳು: “ಏನಂತವ್ವ ಇವತ್ತು ನರ್ಸಮ್ಮನ ಅಲ್ಗೆ?” ಸ್ಲೇಟು ಅವಳಿಗೆ ಹಲಗೆ; ಅವತ್ತು ಅದರ ಮೇಲೆ ಓದಿದ ಪದ್ಯದ ಅರ್ಥವನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತಿದ್ದೆ. ಅಜ್ಜಿ ರಾಗಿ ಹಿಡಿ ಹಾಕುತ್ತ, ಕಲ್ಲು ತಿರುಗಿಸುತ್ತ, ಅದನ್ನು ಬೀಸುವ ಪದಕ್ಕೆ ಕೂರಿಸುತ್ತಿದ್ದಳು. ನನಗದು ಮುದುಕಿಯ ಆಟವಾಗಿ ಕಾಣುತ್ತಿತ್ತು. ಒಂದು ಪದ್ಯದಲ್ಲಿ, ಮಗ ಬಂದಾನೆಂದು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಕಾಯುವ ತಾಯಿಯೊಬ್ಬಳು ಬರುತ್ತಿದ್ದಳು. ಅಲ್ಲೂ ಕೆಂಡಕ್ಕೆ ಬೂದಿ ಮುಚ್ಚುತ್ತಾರಾ ಎಂದು ಅಜ್ಜಿ ಕಲ್ಲು ನಿಲ್ಲಿಸಿ ಎರಡೆರಡು ಸಲ ಕೇಳಿದಳು. ಆ ಒಂದು ಪದ್ಯದಿಂದ ನರ್ಸಮ್ಮ ಅವಳಿಗೆ ನೆಂಟರಾಗಿಬಿಟ್ಟರು.

ಮುಂದಿನ ವರ್ಷ ನರ್ಸಮ್ಮನ ಊರಿನ ಕಡೆಯ ಪ್ರಕಾಶಕರೊಬ್ಬರಿಂದ ಕಾಗದ ಬಂತು. ಹಿಂದೆ ಎರಡು ಸಲ ಬೇಡವೆಂದಿದ್ದವರು ಈಗ ಪುಸ್ತಕ ಮಾಡುತ್ತೇವೆ, ವರ್ಷ ಮುಗಿಯುವುದರೊಳಗೆ ಎಲ್ಲ ಪದ್ಯಗಳೂ ಕೈಸೇರಬೇಕು ಎಂದು ಬರೆದಿದ್ದರು. ನರ್ಸಮ್ಮ ಆ ಕಾಗದವನ್ನು ಒಂದು ವಾರ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಅವರಿಗೆ ಆಗಲೇ ಐವತ್ತು ದಾಟಿತ್ತು. ಇದೊಂದಾದರೆ ಸಾಕು ಎಂದು ಒಮ್ಮೆ ನನ್ನೆದುರು ಮೆಲ್ಲಗೆ ಹೇಳಿಕೊಂಡರು. ಟೈಪಾಗಿದ್ದವು ಹದಿನೈದು. ಇನ್ನು ಎಂಟು ಸ್ಲೇಟಿನ ಮೇಲೆ ಹಣ್ಣಾಗುತ್ತಿದ್ದವು, ಮೂರು ಸ್ಲೇಟು ಆಗ ಖಾಲಿಯಿದ್ದವು. ದಸರಾ ಕಳೆಯಲಿ, ಎಲ್ಲವನ್ನೂ ಒಟ್ಟಿಗೆ ಹೊಡೆದುಬಿಡೋಣ ಎಂದರು.

ಆಯುಧಪೂಜೆಯ ಹಿಂದಿನ ದಿನ ಮಾಕಳಿಯಿಂದ ಹೆರಿಗೆಗೆ ಗಾಡಿ ಬಂತು. ನರ್ಸಮ್ಮ ಮನೆಯ ಬೀಗದ ಕೈ ನಮ್ಮಲ್ಲಿ ಕೊಟ್ಟು ಹೋದರು. ಮರುದಿನ ನಾನು ಇನ್‌ಸ್ಟಿಟ್ಯೂಟಿನಲ್ಲಿ ಮೆಷಿನ್ನುಗಳ ಪೂಜೆಗೆ ಹೋಗಬೇಕಿತ್ತು. ಹೊರಡುವಾಗ, ಪಾಪ, ನರ್ಸಮ್ಮನ ಮನೆಯಲ್ಲಿ ಹಬ್ಬದ ದಿನ ದೀಪವಿಲ್ಲದೆ ಹೋಗುತ್ತದೆ, ಒಂದು ಹೂವಾದರೂ ಇಟ್ಟು ಬಾ ಎಂದು ಅಜ್ಜಿಗೆ ಹೇಳಿದವಳು ನಾನೇ.

ಸಂಜೆ ನಾನು ಬರುವ ಹೊತ್ತಿಗೆ ಮಾಕಳಿಯ ಗಾಡಿಯೂ ಬಂದು ನಿಂತಿತ್ತು. ನರ್ಸಮ್ಮ ಹೊಸಿಲ ಮೇಲೆ ಕೂತಿದ್ದರು. ಒಳಗೆ ನೋಡಿದೆ. ಹನ್ನೊಂದು ಸ್ಲೇಟುಗಳೂ ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಪ್ರತಿಯೊಂದರ ಚೌಕಟ್ಟಿಗೂ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವು, ಮುಂದೆ ದೀಪ. ಅಜ್ಜಿ ತೊಂಡೆಸೊಪ್ಪು, ಇದ್ದಿಲು ಹಾಕಿ ಬೆಳಗಿನಿಂದ ತಿಕ್ಕಿದ್ದಳು. ನೇಗಿಲು ತೊಳೆದು ಪೂಜೆಗಿಡುತ್ತೇವೆ, ಕುಡುಗೋಲು ತೊಳೆದು ಇಡುತ್ತೇವೆ. ನರ್ಸಮ್ಮನ ಆಯುಧ ಸ್ಲೇಟು, ಅದನ್ನು ತೊಳೆಯದೆ ಇಡಲಾದೀತೇ? ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಬಾಗಿಲ ಪಕ್ಕ ನಿಂತು, ಮೆಚ್ಚಿ ಒಂದು ಮಾತಾಡಿಯಾರೆಂದು ನರ್ಸಮ್ಮನ ಮುಖವನ್ನೇ ನೋಡುತ್ತಿದ್ದಳು.

ನಾನು ಅಜ್ಜಿಯನ್ನು ಆಚೆಗೆ ಕರೆದು ವಿಷಯ ಹೇಳಿದೆ. ಅಳುತ್ತಲೇ ಹೇಳಿದೆ. ಆ ಪದ್ಯಗಳು ಇನ್ನೆಲ್ಲೂ ಇಲ್ಲ, ಯಾವ ಕಾಗದದಲ್ಲೂ ಇಲ್ಲ, ಅವರ ಪುಸ್ತಕವೇ ಹೋಯಿತು ಎಂದೆ. ನರ್ಸಮ್ಮನಿಗೆ ನೆನಪಿರುವುದಿಲ್ಲವೇ ಎಂದು ಅವಳು ಕೇಳಿದಳು. ಅವರಿಗೆ ನೆನಪಿದ್ದದ್ದೇ ಕಷ್ಟವಾಗಿತ್ತು: ಒಂದೊಂದು ಸಾಲಿಗೆ ಹತ್ತು ರೂಪ ಅಳಿಸಿ ಬರೆದವರು, ಹತ್ತೂ ತಲೆಯಲ್ಲಿ ಗುಂಪುಗೂಡಿ, ಕೊನೆಗೆ ನಿಂತದ್ದು ಯಾವುದೆಂದು ಹೊಳೆಯದೆ ಕೂತಿದ್ದರು. ಎರಡು ಸಲ ಏನೋ ಗುನುಗಿ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನರ್ಸಮ್ಮನ ಮುಂದೆ ಬಂದಳು.

“ಅಳಿಸ್ದೋಳು ನಾನೇ ಕಣಮ್ಮ. ಆದ್ರೆ ಅವು ಎಲ್ಗೂ ಓಗಿಲ್ಲ. ನಂತಾವ ಅವೆ, ಬಾ.”

ನಮ್ಮ ಮನೆಯ ಬೀಸುವ ಕಲ್ಲಿನ ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ನರ್ಸಮ್ಮ. ಗೂಟಕ್ಕೆ ಇಬ್ಬರ ಕೈಯೂ ಬಿತ್ತು. ಕಲ್ಲು ತಿರುಗದೆ ಅಜ್ಜಿಗೆ ಪದ ಬರುತ್ತಿರಲಿಲ್ಲ, ಹಾಗಾಗಿ ಹಬ್ಬದ ದಿನವೇ ರಾಗಿ ಬೀಸಿದ್ದಾಯಿತು. ಅಜ್ಜಿ ತೆಗೆದದ್ದು ಕೆಂಡದ ಪದ್ಯ:

ಕೆಂಡಕ್ಕೆ ಬೂದಿ ಮುಚ್ಚವ್ಳೆ ತಾಯಮ್ಮ
ಕಂಡೇನು ನಾಳೆ ಮಗನ್ನ – ಅಂದ್ಕೊಂಡು
ಕೆಂಡ ಕಣ್ಬಿಟ್ಟು ಕೂತೈತೆ

ನರ್ಸಮ್ಮ ಕಲ್ಲು ನಿಲ್ಲಿಸಿದರು. ಕೊನೆಯ ಸಾಲನ್ನು ಮತ್ತೆ ಹೇಳಿಸಿದರು. ಅವರ ಕಣ್ಣು ತುಂಬಿತ್ತು. ನನ್ನ ಕಡೆ ತಿರುಗಿ ಹೇಳಿದರು: “ನಂದ್ರಲ್ಲಿ ಬೆಂಕಿ ಮಲಗಿತ್ತು ಮಗಾ. ನಿಮ್ಮಜ್ಜಿ ಎಬ್ಬಿಸವ್ಳೆ.”

ನಾಲ್ಕು ದಿನ ನಡೆಯಿತು ಆ ಕೆಲಸ. ಅಜ್ಜಿ ಹಾಡುವಳು, ಕನ್ನಡ ಕಿವಿಗೆ ಬಿದ್ದ ಕೂಡಲೇ ನರ್ಸಮ್ಮನಿಗೆ ತಮ್ಮ ಇಂಗ್ಲಿಷ್ ಸಾಲು ಎದ್ದು ಬರುವುದು, ನಾನು ಬರೆದುಕೊಳ್ಳುವೆ. ಕೆಲವು ಕಡೆ ತಮ್ಮ ಹಳೆಯ ಸಾಲನ್ನು ಬಿಟ್ಟು ಅಜ್ಜಿಯದನ್ನೇ ಇಂಗ್ಲಿಷಿಗೆ ತಂದುಕೊಂಡರು. ನಾನು ಮುದುಕಿಯ ಆಟ ಎಂದುಕೊಂಡಿದ್ದನ್ನು ಅವರು ಹೊಸ ಪಾಠ ಕಲಿಯುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು ಕೇಳುತ್ತಿದ್ದರು. ಒಂದು ಭಾಷೆಯಲ್ಲಿ ಸತ್ತದ್ದು ಇನ್ನೊಂದರಲ್ಲಿ ಉಸಿರಾಡುತ್ತಿರುವುದನ್ನು ನಾನು ಕಣ್ಣಾರೆ ಕಂಡೆ. ಅವತ್ತಿನ ಬೆರಗು ನನಗೆ ಇವತ್ತಿಗೂ ಇಳಿದಿಲ್ಲ.

ಎಂಟರಲ್ಲಿ ಏಳು ಬಂದವು. ಎಂಟನೆಯದು ಅಜ್ಜಿಯ ಹತ್ತಿರ ಇರಲಿಲ್ಲ. ಅದು ಯುದ್ಧದಲ್ಲಿ ಸತ್ತ ಒಬ್ಬ ಗಂಡಸಿನ ತೋಳು, ಕತ್ತು, ಬೆವರಿನ ವಾಸನೆಯನ್ನು ನೆನೆಯುವ ಪದ್ಯ. ಅಜ್ಜಿಯ ಮುಂದೆ ಅದನ್ನು ಹೇಳಲು ನಾಚಿ, ಅವತ್ತು ನರ್ಸಮ್ಮ ಏನೂ ಬರೆದಿರಲಿಲ್ಲ ಎಂದು ನಾನು ಸುಳ್ಳು ಹೇಳಿದ್ದೆ. ಈಗ ಅದನ್ನು ಒಪ್ಪಿಕೊಳ್ಳಬೇಕಾಯಿತು. ನರ್ಸಮ್ಮ ಬಹಳ ಹೊತ್ತು ನನ್ನನ್ನು ನೋಡಿದರು. ಅವರ ಪಾಲಿಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತೆಂದು ನನಗೆ ಆ ನೋಟದಲ್ಲೇ ತಿಳಿಯಿತು. ಆದರೂ ನಕ್ಕರು. ನಿನ್ನ ನಾಚಿಕೆಗೆ ಒಂದು ಪದ್ಯ ಖರ್ಚಾಯಿತು ಎಂದರು.

ಪುಸ್ತಕ ಬರಲು ಮತ್ತೊಂದು ವರ್ಷ ಹಿಡಿಯಿತು. ಹಸಿರು ರಟ್ಟಿನ ತೆಳ್ಳನೆಯ ಪುಸ್ತಕ. ಮೊದಲ ಪುಟದಲ್ಲಿ, ಕಲ್ಲಿನ ಮುಂದೆ ಕೂತು ಇವನ್ನು ನನಗೆ ವಾಪಸು ಕೊಟ್ಟ ಅಕ್ಕನಿಗೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಓದಿ ಹೇಳಿದಾಗ ಅಜ್ಜಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಅಳಿಸಿದ್ದನ್ನು ಮಾತ್ರ ಬರೆಯಲಿಲ್ಲವಲ್ಲ, ಒಳ್ಳೆಯವಳು ಎಂದಳು. ಆಮೇಲೆ ಆ ಪುಸ್ತಕ ದೂರದ ದೇಶಗಳಲ್ಲಿ ಹೆಸರು ಮಾಡಿತು, ಕಾಲೇಜಿನಲ್ಲಿ ಓದಿಸಿದರು ಎಂದೆಲ್ಲ ಕಾಗದಗಳು ಬಂದವು. ನರ್ಸಮ್ಮ ಅವುಗಳನ್ನು ಓದಿ ಮಡಿಸಿಟ್ಟು, ಸೋಪು ಹಚ್ಚಿ ಕೈ ತೊಳೆದು, ಹೆರಿಗೆಗೆ ಹೋಗುತ್ತಿದ್ದರು.

ಅರವತ್ತರ ದಶಕದ ನಡುವೆ ಅಜ್ಜಿ ತೀರಿಕೊಂಡಳು. ನಾನು ಮದುವೆಯಾಗಿ, ಕೆಲಸ ಸಿಕ್ಕಿ, ಆರ್.ಟಿ. ನಗರದ ಕಡೆ ಮನೆ ಮಾಡಿದ್ದೆ. ಎರಡು ವರ್ಷ ಕಳೆದು ನರ್ಸಮ್ಮ ಹಾಸಿಗೆ ಹಿಡಿದರೆಂದು ಕೇಳಿ ಓಡಿದೆ. ಎದೆಯ ಕಾಯಿಲೆ, ಉಸಿರು ಸಾಲದು. ಗೋಡೆಯ ಪಕ್ಕ ಒಂದೇ ಸ್ಲೇಟು ಉಳಿದಿತ್ತು, ಉಳಿದ ಹತ್ತನ್ನೂ ತಾವು ಹೆರಿಗೆ ಮಾಡಿಸಿದ ಮಕ್ಕಳಿಗೆ ಕೊಟ್ಟಿದ್ದರು. ಆ ಒಂದರ ಮೇಲೆ ಸೊಟ್ಟಸೊಟ್ಟ ಅಕ್ಷರಗಳಲ್ಲಿ ಕನ್ನಡ. ಕನ್ನಡದಲ್ಲಿ ಅವರು ಕಟ್ಟಿದ ಮೊದಲ ಪದ್ಯ, ಕೊನೆಯದೂ. ಹನ್ನೆರಡು ಸಾಲು. ಅಜ್ಜಿಗಾಗಿ ಕಟ್ಟಿದ್ದು.

ಟೈಪ್ ಮಾಡಿಕೊಂಡು ಬರುತ್ತೇನೆ ಎಂದೆ. ಕೈಯಾಡಿಸಿ ಬೇಡವೆಂದರು.

“ಓದಕ್ಕೆ ಬರ್ದೇ ಇದ್ದೋಳ್ಗೆ ಕಟ್ಟಿದ್ದು, ಕಾಗದ ಯಾಕೆ? ಬಾಯಿಗೆ ತಗಾ ಮಗಾ. ಬಾಯ್ಗೆ ಬಂದ್ಮೇಲೆ ಸ್ಲೇಟ್ನ ಅಬ್ಬಕ್ಕೆ ತೊಳ್ದಿಟ್ಬುಡು.”

ಆಗಲಿ ನರ್ಸಮ್ಮಾ ಎಂದೆ. ನಾಲ್ಕು ದಿನಕ್ಕೆ ಅವರು ಹೋದರು. ಮಾಕಳಿಯಿಂದ, ಜಾಲಹಳ್ಳಿಯಿಂದ ಎಷ್ಟು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದರೆಂದರೆ, ಮಣ್ಣು ಹಾಕುವ ಸರದಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಷ್ಟು ಜನರಲ್ಲಿ ಅವರ ಪುಸ್ತಕ ಓದಿದವಳು ನಾನೊಬ್ಬಳೇ.

ಹೇಳಬೇಕಾದ ಮಾತು ಇನ್ನೊಂದಿದೆ. ನಾನು ಆ ಪದ್ಯವನ್ನು ಬಾಯಿಗೆ ತೆಗೆದುಕೊಳ್ಳಲಿಲ್ಲ. ಕಾಗದಕ್ಕೆ ಇಳಿಸಬೇಡವೆಂದಿದ್ದರು, ಅದನ್ನು ಪಾಲಿಸಿದೆ; ಸುಲಭವಾದದ್ದು ಅದು. ತೊಳೆಯಲು ಮನಸ್ಸು ಬರಲಿಲ್ಲ. ಸ್ಲೇಟನ್ನು ಅಜ್ಜಿಯ ಹಳೆಯ ಸೀರೆಯಲ್ಲಿ ಜೋಪಾನವಾಗಿ ಸುತ್ತಿ ಟ್ರಂಕಿನಲ್ಲಿಟ್ಟೆ. ಅಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ, ಬಿಡುವಾದಾಗ ಕಲಿತರಾಯಿತು ಎಂದುಕೊಂಡೆ. ಆಫೀಸು, ಅಡುಗೆ, ಎರಡು ಮಕ್ಕಳು. ಒಂದು ಮನೆಯಿಂದ ಇನ್ನೊಂದಕ್ಕೆ ಟ್ರಂಕು ಜಟಕಾದಲ್ಲಿ ಕುಲುಕಿಕೊಂಡು ಹೋಯಿತು. ಒಂದು ಆಯುಧಪೂಜೆಯ ಬೆಳಗ್ಗೆ ಬಿಚ್ಚಿ ನೋಡಿದರೆ ಸ್ಲೇಟು ಬರಿದಾಗಿತ್ತು. ಸೀರೆಯ ಮಡಿಕೆಯ ಒಳಗೆಲ್ಲ ಬಿಳೀ ಪುಡಿ.

ಅಜ್ಜಿ ಅಳಿಸಿದ್ದು ಅಜ್ಜಿಯ ಬಾಯಲ್ಲಿತ್ತು. ನಾನು ಕಾಪಾಡಿದ್ದು ಎಲ್ಲೂ ಇರಲಿಲ್ಲ. ಟ್ರಂಕಿನ ಮುಂದೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತೆ. ಹನ್ನೆರಡರಲ್ಲಿ ನನಗೆ ನೆನಪಿಗೆ ಬಂದದ್ದು ಎರಡೇ ಸಾಲು, ಅವತ್ತು ಹಾಸಿಗೆಯ ಮೇಲೆ ಅವರು ಉಸಿರೆಳೆದುಕೊಂಡು ಬಾಯಲ್ಲಿ ಹೇಳಿದ್ದ ಎರಡು ಸಾಲು:

ಕೆರೆ ತುಂಬಿದ್ರೆ ನಮ್ಮೂರ ಕಡ್ಲು ಕೇಳ್ತದೆ, ಅಕ್ಕ
ಕೆರೆ ಬತ್ತಿದ್ರೂ ಕೇಳ್ತದೆ

ಅವತ್ತಿನಿಂದ ಪ್ರತಿ ಆಯುಧಪೂಜೆಯ ಬೆಳಗ್ಗೆ ಆ ಸ್ಲೇಟನ್ನು ಇಳಿಸಿ, ಈ ಎರಡು ಸಾಲನ್ನು ಬಳಪದಲ್ಲಿ ಬರೆಯುತ್ತೇನೆ. ಗಟ್ಟಿಯಾಗಿ ಹೇಳುತ್ತೇನೆ, ಮನೆಯವರೆಲ್ಲರ ಬಾಯಲ್ಲೂ ಹೇಳಿಸುತ್ತೇನೆ. ಆಮೇಲೆ ತೊಂಡೆಸೊಪ್ಪು, ಇದ್ದಿಲು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು, ಚೌಕಟ್ಟಿಗೆ ಕುಂಕುಮವಿಟ್ಟು ಪೂಜೆಗೆ ಇಡುತ್ತೇನೆ.