ಒಂದು ತಕರಾರು ಹೇಳ್ರಿ

ನಮ್ಮ ನೋಟರಿ ಕಾಕಾರ ಮುಖದ ಮೇಲೆ ಯಾವಾಗಲೂ ಎರಡು ಚಾಳೀಸು ಇರುತ್ತಿದ್ದವು. ಮೂಗಿನ ಮೇಲಿನದು ಕಾಗದ ನೋಡಲು, ಹಣೆಯ ಮೇಲಿನದು ಮನುಷ್ಯರನ್ನು ನೋಡಲು. ಯಾರಾದರೂ ಸಹಿ ಮಾಡಲು ಬಂದರೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಈ ಗಡಿಬಿಡಿಯಲ್ಲಿ ಎಷ್ಟೋ ಸಲ ಕಾಗದದ ಚಾಳೀಸಿನಿಂದಲೇ ಮನುಷ್ಯನನ್ನು ನೋಡಿ, "ಯಾಕಪಾ, ಮಸುಕ ಕಾಣ್ತೀ, ಆರಾಮ ಇದ್ದೀ ಇಲ್ಲೋ?" ಎಂದು ಕೇಳುತ್ತಿದ್ದರು.

ಸಿಂದಗಿಯಲ್ಲಿ ನನ್ನ ಗಂಡನ ಮನೆಯ ಎದುರಿಗೇ ಅವರ ಮನೆ. ಹೊರಗಿನ ಕೋಣೆಯೇ ಆಫೀಸು. ಎಪ್ಪತ್ತರ ದಶಕ ಅದು, ಫೋಟೋ ಇರುವ ಗುರುತಿನ ಚೀಟಿ ಯಾರ ಹತ್ತಿರ ಇತ್ತು? ಸಹಿ ಮಾಡುವವನು ಇವನೇ ಎಂದು ಹೇಳಲು ಒಬ್ಬ ಪರಿಚಯದವನನ್ನು ಕರೆತರಬೇಕಿತ್ತು. ಹಾಗೆ ಬಂದವನನ್ನು ಬೇರೆ ನೋಟರಿಗಳು ಊರು, ಓಣಿ, ಅಪ್ಪನ ಹೆಸರು ಕೇಳಿದರೆ ನಮ್ಮ ಕಾಕಾ ಕೇಳುತ್ತಿದ್ದದ್ದು ಒಂದೇ: "ಇವನ ಮ್ಯಾಲ ನಿಂದೊಂದ ತಕರಾರ ಹೇಳು."

ಯಾಕೆಂದು ಒಮ್ಮೆ ಕೇಳಿದ್ದೆ. "ಹೊಗಳಿಕಿ ಬಾಯಿಪಾಠ ಮಾಡ್ಕೊಂಡ ಬರಬಹುದವಾ. ತಕರಾರ ಹಂಗ ಬರೂದಿಲ್ಲ, ಅದಕ್ಕ ಕೂಡಿ ಬಾಳೇವು ಮಾಡಿರಬೇಕು" ಎಂದಿದ್ದರು.

ಇಂಡಿ ಕಡೆಯ ಒಬ್ಬ ಹೊಲದ ಕಾಗದಕ್ಕೆ ಸಹಿ ಹಾಕಲು ಬಂದಾಗ ಜೊತೆಗಾರ, "ದೇವರಂಥಾ ಮನಷ್ಯಾರಿ, ತಕರಾರ ಏನೂ ಇಲ್ರಿ" ಎಂದ. ಕಾಕಾ ಕಾಗದ ಮಡಚಿ ಕೈಗಿಟ್ಟರು. "ಹಂಗಾರ ಗುಡ್ಯಾಗ ಕುಂದರಸ್ರಿ. ನನ್ನ ಕಡೆ ತರಬ್ಯಾಡ್ರಿ." ಎಂಟು ದಿನದೊಳಗೆ ಹೊಲದ ನಿಜವಾದ ಒಡೆಯ ಮುದ್ದೇಬಿಹಾಳದ ಮಗಳ ಮನೆಯಿಂದ ಓಡಿ ಬಂದ. ಜೊತೆಗೆ ಬಂದ ಹೆಂಡತಿ, ಯಾರೂ ಕೇಳದಿದ್ದರೂ, ಅವನ ಮೇಲೆ ಆರು ತಕರಾರು ಹೇಳಿದಳಂತೆ.

ಆಮೇಲೆ ನನ್ನ ಪಾಳಿ ಬಂತು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರು ಇಡುತ್ತಾರೆ. ತವರಿನ ಶಾಂತಾ ಸಿಂದಗಿಗೆ ಬಂದು ಸುಮಿತ್ರಾ ಆಗಿದ್ದಳು. ಕನ್ನೊಳ್ಳಿಯ ಶಾಲೆಗೆ ಮಾಸ್ತರಿಕೆಯ ಆದೇಶ ಬಂದದ್ದು ಮಾತ್ರ ಶಾಂತಾಳಿಗೆ. ಇಬ್ಬರೂ ಒಬ್ಬಳೇ ಎಂಬ ಅಫಿಡವಿಟ್ ಹಿಡಿದು ಸೋಮವಾರ ಹಾಜರಾಗದಿದ್ದರೆ ನೌಕರಿ ಹೋಗುತ್ತಿತ್ತು. ಮನೆಯಲ್ಲಿ ಅತ್ತೆಗೆ ನೌಕರಿಯ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಗಂಡ "ಅವ್ವ ಹೂಂ ಅಂದ್ರ ಹೋಗು" ಎಂದು ಜಾರಿಕೊಂಡಿದ್ದರು.

ದಿನಾ ಕಣ್ಣಿಗೆ ಬೀಳುವವಳು ನಾನು, ಕಾಕಾ ಸುಮ್ಮನೆ ಶಿಕ್ಕಾ ಒತ್ತಿ ಕೊಟ್ಟಾರು ಅಂದುಕೊಂಡಿದ್ದೆ. "ಸುಮಿತ್ರಾನ ಬಲ್ಲೆ. ಶಾಂತಾ ಯಾರೋ ನನಗ ಗೊತ್ತಿಲ್ಲ. ಇಬ್ಬರನ್ನೂ ಬಲ್ಲವರನ್ನ ತಗೊಂಡ ಬಾ" ಎಂದುಬಿಟ್ಟರು. ಬಸವನ ಬಾಗೇವಾಡಿಯಿಂದ ಅಪ್ಪನನ್ನು ಕರೆಸಿದೆ.

"ಮಗಳ ಮ್ಯಾಲ ಒಂದ ತಕರಾರ ಹೇಳ್ರಿ."

ಅಪ್ಪ ಬಹಳ ಹೊತ್ತು ವಿಚಾರ ಮಾಡಿದ. "ನನ್ನ ಮಗಳು ಬಂಗಾರ ಅದಾಳ್ರಿ ಸಾಹೇಬ್ರ" ಎಂದ. ಕಾಕಾ ಪೆನ್ನು ಕೆಳಗಿಟ್ಟರು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎದುರಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆಗೆ ಬಂಗಾರ ಎಂದದ್ದು ಕೇಳಿಸಿತು. ಮೊರ ಹಿಡಿದೇ ಬಂದರು.

"ಬಂಗಾರಂತ ಬಂಗಾರ. ರೊಟ್ಟಿ ಬಡಿಯೂ ಮುಂದ ಪುಸ್ತಕ ಓದತಾಳ, ಹಂಚಿನ ಮ್ಯಾಲ ಹೊಗಿ ಏಳತೈತಿ. ಕನ್ಯಾ ನೋಡಾಕ ಹೋದಾಗ ಹೆಸರೇನವಾ ಅಂದ್ರ, ಶಾಂತಾ ಅಂತ ಓಣಿಗೆಲ್ಲಾ ಕೇಳೂ ಹಂಗ ಒದರಿದ್ಲು. ಸುಧಾರಿಸಲಿ ಅಂತ ನಾನ ಸುಮಿತ್ರಾ ಅಂತ ಇಟ್ಟೆ. ಸುಧಾರಿಸಲಿಲ್ಲ."

ಕಾಕಾ ಚಾಳೀಸು ಬದಲಿಸಿದರು. "ಅಂದ್ರ ಆ ಶಾಂತಾ ಇಕಿನ ಏನ್ರಿ ಅಕ್ಕಾರ?"

"ಮತ್ತ್ಯಾರು? ಹೆಸರ ಬದಲಾದ್ರ ಗುಣ ಬದಲಾಗತೈತೇನ್ರಿ ವಕೀಲರ?"

ಕಾಕಾ ಒಂದಕ್ಷರ ಬಿಡದೆ ಬರೆದುಕೊಂಡು ಶಾಯಿಯ ಡಬ್ಬಿ ಮುಂದೆ ಸರಿಸಿದರು. ಅತ್ತೆಗೆ ಆಗ ಹೊಳೆಯಿತು.

"ಇದಕ್ಕ ಹೆಬ್ಬಟ್ಟ ಒತ್ತಿದ್ರ ಇಕಿ ನೌಕರಿಗೆ ಹೋಗ್ತಾಳ?"

"ಹೌದ್ರಿ."

ಅತ್ತೆ ಕೈ ಸೆರಗಿನೊಳಗೆ ಎಳೆದುಕೊಂಡರು. ಕಾಕಾ ಮಾತ್ರ ಅವರಿಗೆ ಬುದ್ಧಿ ಹೇಳಲಿಲ್ಲ, ಕೈ ಮುಗಿಯಲೂ ಇಲ್ಲ.

"ಒತ್ತೂದು ಬಿಡೂದು ನಿಮಗ ಬಿಟ್ಟಿದ್ದು. ಹೇಳಿದವರ ಹೆಸರಷ್ಟ ಬರಕೋತೇನಿ."

"ಪಾರ್ವತಿ."

"ಅದು ಈ ಮನಿದು. ತವರಮನಿದು?"

ಅತ್ತೆಗೂ ಒಂದು ಹಳೆಯ ಹೆಸರು ಇದ್ದೀತೆಂದು, ಅದೇ ಕಷ್ಟದಲ್ಲಿದ್ದ ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಮೊರದ ಜೋಳ ಸರಿಮಾಡುತ್ತ ಅತ್ತೆ ಮೆಲ್ಲಗೆ ಹೇಳಿದರು, "ನೀಲವ್ವ."

ಕಾಕಾ ಬರೆದು, ಗಟ್ಟಿಯಾಗಿ ಓದಿದರು: "ನೀಲವ್ವ ಉರ್ಫ್ ಪಾರ್ವತಿ, ವಾಸ ಸಿಂದಗಿ."

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದರು. ಅತ್ತೆ ಮೊರ ಅಪ್ಪನ ಕೈಗೆ ಕೊಟ್ಟು ಹೆಬ್ಬೆಟ್ಟು ಒತ್ತಿದರು. ನಂತರ ನನಗೆ, "ನಾಳಿಂದ ರೊಟ್ಟಿ ಬಡದ ಹೋಗು" ಎಂದರು.

ಕಾಕಾ ತೀರಿಕೊಂಡಾಗ ನಾನು ಅದೇ ಶಾಲೆಯಲ್ಲಿ ಏಳನೆಯ ವರ್ಷ ಪಾಠ ಮಾಡುತ್ತಿದ್ದೆ. ನಾನು ಉಂಡ ಅನ್ನದಲ್ಲಿ ಅವರ ಋಣವಿದೆ, ತೀರಿಸಲು ಆಗಲೇ ಇಲ್ಲ. ಮಣ್ಣು ಮುಗಿಸಿ ಬಂದ ಸಂಜೆ ಅತ್ತೆ ತಾಟಿನ ಮುಂದೆ ಕೂತವರು ಕೈ ಹಚ್ಚಲಿಲ್ಲ.

"ಈ ಊರಾಗ ನನ್ನ ಹೆಸರ ಕೇಳಿದವರು ಅವರೊಬ್ಬರ ಇದ್ರು" ಎಂದರು.

"ನನಗೂ ಗೊತ್ತೈತ್ರಿ ಅತ್ತಿ" ಎಂದೆ.

"ಹಂಗಾರ ಒಮ್ಮೆ ಅನ್ನು."

ಅತ್ತೆಯ ಹೆಸರು ಹಿಡಿದು ಕರೆಯುವುದೆಂದರೆ ನಮ್ಮಲ್ಲಿ ಮಹಾಪಾಪ. ನಾನು ಕರೆದೆ.